ವಿದ್ಯಾರ್ಥಿಗಳೂ ಪರಿಸರವಾರ್ತೆಯೂ

೧. ಪೀಠಿಕೆ

'ಪರಿಸರ' ಎಂಬ ಸಂಸ್ಕೃತ ಶಬ್ದಕ್ಕೆ ಸಮೀಪ, ನೆರೆ, ಸುತ್ತಣ ಪ್ರದೇಶ ಎಂದು ಮೂಲಾರ್ಥ. ಊರಿನ ಪರಿಸರ, ನದಿಯ ಪರಿಸರ ಎಂದು ಹೇಳುವಾಗ ನಮ್ಮ ಹಿಂದಿನವರು ಕಣ್ಣಿಗೆ ಕಾಣುವ, ನಡೆದು ಮುಟ್ಟಬಹುದಾದ ಒಂದು ಸ್ಥಳವನ್ನು ಉದ್ದೇಶಿಸುತ್ತಿದ್ದರು. ಈಚೆಗೆ ಈ ಶಬ್ದವು ನೆಲ, ಜಲ, ವಾಯು, ಸಸ್ಯ, ಪ್ರಾಣಿ ಇವುಗಳ ಸಮಸ್ತ ಸಂಬಂಧವನ್ನು ಸೂಚಿಸುವ ಪಾರಿಭಾಷಿಕ ಪದವಾಗಿ ವಿಸ್ತಾರಗೊಂಡಿದೆ. ಅರ್ಥವು ವಿಸ್ತಾರಗೊಂಡುದು ಲಾಭವೇ ಸರಿ. ಆದರೆ ಹಾಗೆ ವಿಸ್ತಾರಗೊಳ್ಳುವಾಗ ಮೊದಲಿನ ಸಾಮೀಪ್ಯದ ಅರ್ಥವು ಜಾರಿಹೋಯಿತೋ ಎಂಬ ಶಂಕೆಗೆ ಅವಕಾಶವುಂಟು.

ಶಾಲೆಗಳಲ್ಲಿ 'ಪರಿಸರ ಸಂರಕ್ಷಣೆ' ಎಂಬ ವಿಷಯದ ಮೇಲೆ ಬರೆಯಿಸುವ ಪ್ರಬಂಧಗಳನ್ನು ತಿದ್ದಿದ ಉಪಾಧ್ಯಾಯರಿಗೆ ಈ ಶಂಕೆಯು ಹೊಸದಲ್ಲ. ಸಂಡೂರಿನ ಹುಡುಗನೂ ಕಾರವಾರದ ಹುಡುಗಿಯೂ ಒಂದೇ ಪ್ರಬಂಧವನ್ನು ಬರೆಯುತ್ತಾರೆ. ಅವನ ಊರಿನ ಗಣಿಯ ಕೆಂಧೂಳು ಅವನ ಬರೆಹದಲ್ಲಿಲ್ಲ. ಅವಳ ಊರಿನ ಕಡಲು ಅವಳ ಬರೆಹದಲ್ಲಿಲ್ಲ. ಇಬ್ಬರಲ್ಲಿಯೂ 'ನಮ್ಮೆಲ್ಲರ ಆದ್ಯ ಕರ್ತವ್ಯ' ಎಂಬ ಮಾತು ಮಾತ್ರ ತಪ್ಪದೆ ಬರುತ್ತದೆ. ಪ್ರಾಚೀನ ಮಹಾಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳು ನಿಯತವಾಗಿದ್ದುವಷ್ಟೆ. ಕಡಲನ್ನು ಕಾಣದ ಕವಿಯೂ ಸಮುದ್ರವರ್ಣನೆಯನ್ನು ಮಾಡಬಹುದಾಗಿತ್ತು. ಕಾವ್ಯದಲ್ಲಿ ಅದಕ್ಕೆ ತಕ್ಕ ಸೊಗಸುಂಟು. ಆದರೆ ಬಾವಿಯ ನೀರು ಕೆಟ್ಟಿದೆಯೆ, ಇಲ್ಲವೆ ಎಂಬ ಪ್ರಶ್ನೆಗೆ ಕವಿಸಮಯವು ಉತ್ತರವಾಗಲಾರದು.

ವಿದ್ಯಾರ್ಥಿಗಳು ತಾವೇ ವರದಿಗಾರರಾಗಿ, ತಮ್ಮ ಊರಿನ ಒಂದು ಪರಿಸರ ಸಮಸ್ಯೆಯನ್ನು ಶೋಧಿಸಿ, ಲೇಖನ ಛಾಯಾಚಿತ್ರ ಚಲಚ್ಚಿತ್ರಗಳ ಮೂಲಕ ಜನರಿಗೆ ತಿಳಿಯಪಡಿಸುವ ಪದ್ಧತಿಯೊಂದು ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಅದರ ಮೂಲವೇನು, ಕ್ರಮವೆಂತಹುದು, ಅದರಲ್ಲಿರುವ ಗುಣದೋಷಗಳಾವುವು, ಕನ್ನಡವನ್ನು ಕಲಿಸುವವರಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಾಲೆಯೊಳಗೆ ಮುದ್ರಣಯಂತ್ರ

ವಿದ್ಯಾರ್ಥಿಪತ್ರಿಕೆಯ ಇತಿಹಾಸದಲ್ಲಿ ಫ್ರಾನ್ಸ್ ದೇಶದ ಸೆಲೆಸ್ತಿನ್ ಫ್ರೆನೆ (೧೮೯೬–೧೯೬೬) ಎಂಬ ಉಪಾಧ್ಯಾಯನ ಹೆಸರು ಮುಖ್ಯವಾದುದು. ಈತನು ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಗುಲಿ ಬಹುಕಾಲ ನರಳಿದವನು. ೧೯೨೦ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಬಂದಾಗ, ತರಗತಿಯಲ್ಲಿ ನಿಂತು ಎತ್ತರದ ಸ್ವರದಲ್ಲಿ ಬಹು ಹೊತ್ತು ಪಾಠ ಹೇಳುವುದು ಈತನಿಗೆ ಕಷ್ಟವಾಗಿತ್ತು. ಆದುದರಿಂದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಹೊಲ, ಹೊಳೆ, ಕುಶಲಕರ್ಮಿಗಳ ಅಂಗಡಿ ಮುಂತಾದುವನ್ನು ತೋರಿಸುವ ಪರಿಪಾಟಿಯನ್ನಿಟ್ಟುಕೊಂಡನು. ಮಕ್ಕಳು ಮರಳಿ ಬಂದು, ಕಂಡುದನ್ನು ಹೇಳುವರು. ಅದನ್ನು ಹಲಗೆಯ ಮೇಲೆ ಬರೆಯುವರು. ಈ ಮಾತುಗಳಲ್ಲಿದ್ದ ಜೀವವು ಪಠ್ಯಪುಸ್ತಕದ ಪಾಠದಲ್ಲಿ ಇಲ್ಲದಿರುವುದನ್ನು ಫ್ರೆನೆ ಗಮನಿಸಿದನು.

ಸುಮಾರು ೧೯೨೪ರಲ್ಲಿ ಈತನು ಒಂದು ಸಣ್ಣ ಕೈಮುದ್ರಣಯಂತ್ರವನ್ನು ತರಗತಿಯೊಳಕ್ಕೆ ತಂದನು. ಮಕ್ಕಳು ಬರೆದ ಬರೆಹಗಳಲ್ಲಿ ಒಂದನ್ನು ಮಕ್ಕಳೇ ಆರಿಸುವುದು, ಎಲ್ಲರೂ ಕೂಡಿ ಅದನ್ನು ತಿದ್ದುವುದು, ತಾವೇ ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸುವುದು—ಇದು ಆತನ ಕ್ರಮ. ಹೀಗೆ ಅಚ್ಚಾದ ಹಾಳೆಗಳು ದೂರದ ಬ್ರಿಟನಿ ಪ್ರಾಂತದಲ್ಲಿದ್ದ ರೆನೆ ದಾನಿಯೆಲ್ ಎಂಬ ಉಪಾಧ್ಯಾಯನ ಶಾಲೆಗೆ ಹೋಗುತ್ತಿದ್ದುವು. ಅಲ್ಲಿಯ ಮಕ್ಕಳ ಬರೆಹಗಳು ಇಲ್ಲಿಗೆ ಬರುತ್ತಿದ್ದುವು. ಗುಡ್ಡಗಾಡಿನ ಮಕ್ಕಳು ಕಡಲ ಕರೆಯ ಮಕ್ಕಳಿಗೆ ತಮ್ಮ ಊರನ್ನು ವಿವರಿಸಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಉಪಾಧ್ಯಾಯನು ಮಾತ್ರ ಓದುವ ಪ್ರಬಂಧಕ್ಕೂ, ಊರನ್ನು ಕಾಣದ ಇನ್ನೊಬ್ಬನು ಓದುವ ಪ್ರಬಂಧಕ್ಕೂ ಸ್ವಭಾವತಃ ಭೇದವುಂಟು. ಉಪಾಧ್ಯಾಯನಿಗೆ ವಿಷಯವು ತಿಳಿದೇ ಇರುತ್ತದೆ. ಅವನ ಮುಂದೆ ವಿದ್ಯಾರ್ಥಿಯು ಭಾಷೆಯನ್ನು ಪ್ರದರ್ಶಿಸುತ್ತಾನೆ. ತಿಳಿಯದವನಿಗೆ ಹೇಳುವಾಗಲಾದರೋ ವಿಷಯವನ್ನೇ ಹೇಳಬೇಕಾಗುತ್ತದೆ. ಫ್ರೆನೆಯ ಕಾಲಕ್ಕೆ 'ಪರಿಸರ ಜಾಗೃತಿ' ಎಂಬ ಮಾತೇ ಹುಟ್ಟಿರಲಿಲ್ಲ. ಆದರೂ ಹೊರಗೆ ಹೋಗಿ ನೋಡುವುದು, ಕೂಡಿ ತಿದ್ದುವುದು, ಅಪರಿಚಿತ ವಾಚಕನಿಗೆ ಕಳುಹಿಸುವುದು ಎಂಬ ಮೂರು ಅಂಗಗಳೂ ಅಲ್ಲಿಯೇ ಸಿದ್ಧವಾಗಿದ್ದುವು.

೩. ತರುಣ ಪರಿಸರ ವರದಿಗಾರರು

೧೯೭೨ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಮಾನವ ಪರಿಸರವನ್ನು ಕುರಿತು ವಿಶ್ವಸಂಸ್ಥೆಯ ಸಮ್ಮೇಳನವು ನೆರೆಯಿತು. ೧೯೭೭ರ ಅಕ್ಟೋಬರಿನಲ್ಲಿ ಜಾರ್ಜಿಯದ ಟ್ಬಿಲಿಸಿ ನಗರದಲ್ಲಿ ಕೂಡಿದ ರಾಷ್ಟ್ರಪ್ರತಿನಿಧಿಗಳ ಸಮ್ಮೇಳನವು ಪರಿಸರ ಶಿಕ್ಷಣದ ಗುರಿಗಳನ್ನು ನಿರ್ಣಯಿಸಿತು. ತಿಳಿವಳಿಕೆಯೊಂದೇ ಸಾಲದು, ಸಮಸ್ಯೆಯನ್ನು ಗುರುತಿಸಿ ಪರಿಹರಿಸುವ ಕೌಶಲವೂ ಅದರಲ್ಲಿ ಪಾಲುಗೊಳ್ಳುವ ಅವಕಾಶವೂ ಬೇಕೆಂಬುದು ಆ ನಿರ್ಣಯದ ತಿರುಳು. ಈ ವಿಚಾರಗಳ ಹಿನ್ನೆಲೆಯಲ್ಲಿ ೧೯೮೧ರಲ್ಲಿ ಯೂರೋಪಿನ ಪರಿಸರ ಶಿಕ್ಷಣ ಪ್ರತಿಷ್ಠಾನವು ಹುಟ್ಟಿತು. ೨೦೦೧ರಲ್ಲಿ ಯೂರೋಪಿನ ಹೊರಗಿನ ದೇಶಗಳಿಗೂ ಸದಸ್ಯತ್ವವು ದೊರೆತು, ಹೆಸರಿನಿಂದ 'ಯೂರೋಪ್' ಎಂಬ ಭಾಗವನ್ನು ಕೈಬಿಡಲಾಯಿತು. ಉತ್ತರ ಕನ್ನಡದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ ೨೦೨೦ರಲ್ಲಿ ದೊರೆತ 'ಬ್ಲೂ ಫ್ಲ್ಯಾಗ್' ಮನ್ನಣೆಯು ಇದೇ ಪ್ರತಿಷ್ಠಾನದ್ದು.

೧೯೯೪ರಲ್ಲಿ ಈ ಪ್ರತಿಷ್ಠಾನವು 'ಯಂಗ್ ರಿಪೋರ್ಟರ್ಸ್ ಫಾರ್ ದಿ ಎನ್ವಿರಾನ್ಮೆಂಟ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಇದನ್ನು 'ತರುಣ ಪರಿಸರ ವರದಿಗಾರರು' ಎಂದು ಕನ್ನಡದಲ್ಲಿ ಹೇಳಬಹುದು. ೧೧ ವರ್ಷದ ಬಾಲಕರಿಂದ ಮೊದಲ್ಗೊಂಡು ೨೫ ವರ್ಷದ ತರುಣರವರೆಗೆ ವಯಸ್ಸಿಗನುಗುಣವಾದ ವಿಭಾಗಗಳಲ್ಲಿ ಇದರಲ್ಲಿ ಪಾಲುಗೊಳ್ಳುತ್ತಾರೆ. ಲೇಖನ, ಛಾಯಾಚಿತ್ರ, ಚಲಚ್ಚಿತ್ರ ಎಂದು ಮೂರು ಬಗೆ. ಲೇಖನಕ್ಕೆ ೧,೦೦೦ ಪದಗಳ ಮಿತಿಯುಂಟು. ಭಾರತದಲ್ಲಿ ಇದನ್ನು ನಡೆಸಿಕೊಂಡು ಬಂದಿರುವುದು ೧೯೮೪ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಪರಿಸರ ಶಿಕ್ಷಣ ಕೇಂದ್ರ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ೧೯೯೧ರ ನವೆಂಬರ್ ೨೨ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ ಒಂದು ಆಜ್ಞೆಯನ್ನು ಹೊರಡಿಸಿತು. ಚಿತ್ರಮಂದಿರಗಳಲ್ಲಿ ಪರಿಸರಸಂದೇಶಗಳನ್ನು ತೋರಿಸತಕ್ಕದ್ದು, ಆಕಾಶವಾಣಿ ದೂರದರ್ಶನಗಳು ಆ ಕುರಿತು ಕಾರ್ಯಕ್ರಮಗಳನ್ನು ಬಿತ್ತರಿಸತಕ್ಕದ್ದು, ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯದ ವಿಷಯವಾಗಿ ಬೋಧಿಸತಕ್ಕದ್ದು ಎಂಬುದು ಅದರ ಸಾರಾಂಶ. ಮಾಧ್ಯಮ, ಶಾಲೆ ಎರಡನ್ನೂ ಒಂದೇ ಆಜ್ಞೆಯಲ್ಲಿ ಸೇರಿಸಿದುದು ದೂರದೃಷ್ಟಿಯ ಕಾರ್ಯ. ಆದರೆ ಅಲ್ಲಿ ಮಾಧ್ಯಮದಲ್ಲಿ ಮಾತನಾಡುವವರು ಹಿರಿಯರು. ಶಾಲೆಯಲ್ಲಿ ಕೇಳುವವರು ಕಿರಿಯರು. ವಿದ್ಯಾರ್ಥಿವರದಿಯಲ್ಲಿ ಶಾಲೆಯೇ ಮಾಧ್ಯಮವಾಗುತ್ತದೆ. ಕಿರಿಯರು ಹೇಳುತ್ತಾರೆ, ಊರು ಕೇಳಬೇಕಾಗುತ್ತದೆ.

೪. ನಾಲ್ಕು ಮೆಟ್ಟಿಲುಗಳು

ಈ ಪದ್ಧತಿಯಲ್ಲಿ ನಾಲ್ಕು ಮೆಟ್ಟಿಲುಗಳನ್ನು ವಿಧಿಸಿದ್ದಾರೆ. ಸಮಸ್ಯೆಯನ್ನು ಶೋಧಿಸುವುದು ಮೊದಲನೆಯದು. ಪರಿಹಾರವನ್ನು ವಿಚಾರಿಸುವುದು ಎರಡನೆಯದು. ವರದಿಯನ್ನು ರಚಿಸುವುದು ಮೂರನೆಯದು. ಅದನ್ನು ಜನರಿಗೆ ಮುಟ್ಟಿಸುವುದು ನಾಲ್ಕನೆಯದು. ನೋಡುವುದಕ್ಕೆ ಸರಳವಾದ ಈ ಕ್ರಮದ ಸ್ವಾರಸ್ಯವು ಉದಾಹರಣೆಯಿಂದ ಸ್ಪಷ್ಟವಾದೀತು. ಕನ್ನಡ ವಾಚಕರಿಗೆ ತಿಳಿದ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳೋಣ.

ಸುಮಾರು ೯೦೦ ಎಕರೆ ವಿಸ್ತಾರವುಳ್ಳ ಈ ಕೆರೆಯ ನೀರು ವರ್ತೂರು ಕೆರೆಗೆ ಹರಿದು, ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ೨೦೧೫ರಲ್ಲಿ ಇದರ ಕೋಡಿಯ ಬಳಿ ನೊರೆಯು ರಾಶಿಯಾಗಿ ಎದ್ದು ಬೀದಿಗೆ ಹಾರಿತು. ಆ ವರ್ಷದ ಮೇ ತಿಂಗಳಲ್ಲಿ ನೊರೆಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಕೆರೆಯ ಅಂಗಳದಲ್ಲಿ ಮತ್ತೆ ಬೆಂಕಿ ಹೊತ್ತಿತು. ಇದನ್ನು ಕುರಿತು ಒಬ್ಬ ವಿದ್ಯಾರ್ಥಿಯು 'ಜಲವೇ ಜೀವನ' ಎಂದು ಆರಂಭಿಸಿ ಎರಡು ಪುಟಗಳನ್ನು ಬರೆಯಬಹುದು. ಕೆರೆಯ ಹತ್ತಿರ ಹೋಗದೆಯೇ ಬರೆಯಬಹುದು.

ಮೊದಲನೆಯ ಮೆಟ್ಟಿಲಿನಲ್ಲಿ ನಿಂತ ವಿದ್ಯಾರ್ಥಿಗೆ ಅದು ಸಾಧ್ಯವಿಲ್ಲ. ನೊರೆಯು ಕೆರೆಯ ನಡುವೆ ಏಕಿಲ್ಲ, ಕೋಡಿಯಲ್ಲಿ ಮಾತ್ರ ಏಕೆ? ಮಳೆ ಬಂದ ಮೇಲೆ ಹೆಚ್ಚುವುದೇಕೆ? ಈ ಪ್ರಶ್ನೆಗಳು ಕಣ್ಣಿನಿಂದಲೇ ಹುಟ್ಟತಕ್ಕವು. ಉತ್ತರಕ್ಕೆ ರಸಾಯನಶಾಸ್ತ್ರದ ಉಪಾಧ್ಯಾಯರನ್ನು ಕೇಳಬೇಕಾಗುತ್ತದೆ. ಬಟ್ಟೆ ಪಾತ್ರೆಗಳನ್ನು ತೊಳೆಯುವ ಪುಡಿಗಳಲ್ಲಿ ನೀರಿನ ಮೇಲ್ಮೈಯ ಸೆಳೆತವನ್ನು ಕುಗ್ಗಿಸುವ ವಸ್ತುಗಳಿವೆ. ಶುದ್ಧಿಮಾಡದ ಚರಂಡಿಯ ನೀರಿನೊಡನೆ ಅವು ಕೆರೆಯನ್ನು ಸೇರುತ್ತವೆ. ನಿಂತ ನೀರಿನಲ್ಲಿ ಸುಮ್ಮನಿರುವ ಅವು, ಕೋಡಿಯಲ್ಲಿ ನೀರು ಧುಮುಕಿ ಗಾಳಿಯೊಡನೆ ಬೆರೆತಾಗ ನೊರೆಯಾಗುತ್ತವೆ. ದೊಡ್ಡ ಮಳೆಯಲ್ಲಿ ನೀರಿನ ಸೆಳವು ಹೆಚ್ಚಿ, ತಳದ ಕೆಸರು ಕದಡಿ, ನೊರೆಯು ಇನ್ನಷ್ಟಾಗುತ್ತದೆ. ಕೊಳಚೆಯಲ್ಲಿರುವ ರಂಜಕದ ಅಂಶವು ಜಲಕಳೆಗೆ ಗೊಬ್ಬರವಾಗಿ, ಕಳೆಯು ನೀರನ್ನು ಮುಚ್ಚುತ್ತದೆ. ಇಷ್ಟನ್ನು ತಿಳಿದ ವಿದ್ಯಾರ್ಥಿಗೆ, ಕೆರೆಯು ಕೆಟ್ಟಿರುವುದು ಕೆರೆಯಲ್ಲಿ ಅಲ್ಲ, ನಗರದ ಮನೆಮನೆಯ ಬಚ್ಚಲಿನಲ್ಲಿಯೂ ಚರಂಡಿಯ ವ್ಯವಸ್ಥೆಯಲ್ಲಿಯೂ ಎಂಬುದು ಹೊಳೆಯದೆ ಇರದು.

ಎರಡನೆಯ ಮೆಟ್ಟಿಲು ಪರಿಹಾರದ ವಿಚಾರ. ನೊರೆಗೆ ಬಲೆ ಕಟ್ಟುವುದು ಪರಿಹಾರವೆ? ಹೂಳೆತ್ತುವುದು ಪರಿಹಾರವೆ? ಕೊಳಚೆಯನ್ನು ಶುದ್ಧಿಮಾಡಿದ ತರುವಾಯವೇ ಕೆರೆಗೆ ಬಿಡುವುದು ಪರಿಹಾರವೆ? ಒಂದೊಂದಕ್ಕೂ ವೆಚ್ಚವೆಷ್ಟು, ಹೊಣೆ ಯಾರದು, ಬೇರೆಡೆ ಮಾಡಿ ನೋಡಿದ್ದಾರೆಯೆ ಎಂದು ಕೇಳಬೇಕು. ಈ ಮೆಟ್ಟಿಲಿರುವುದರಿಂದಲೇ ವಿದ್ಯಾರ್ಥಿವರದಿಯು ಬರಿಯ ದೂರಾಗದೆ ಉಳಿಯುತ್ತದೆ.

ಮೂರನೆಯದರಲ್ಲಿ ಬರೆವಣಿಗೆಯ ನಿಯಮಗಳು ಬರುತ್ತವೆ. ಸಂಗತಿಯನ್ನೂ ಅಭಿಪ್ರಾಯವನ್ನೂ ಬೇರ್ಪಡಿಸಬೇಕು. ಯಾರ ಮಾತನ್ನಾದರೂ ಎತ್ತಿ ಹೇಳಿದರೆ ಅವರಾರೆಂದು ತಿಳಿಸಬೇಕು. ಒಂದು ಪಕ್ಷದವರನ್ನು ಕೇಳಿ ಇನ್ನೊಂದು ಪಕ್ಷದವರನ್ನು ಬಿಡಕೂಡದು. ಪರರ ಬರೆಹವನ್ನು ತನ್ನದೆಂದು ಕೊಡಕೂಡದು. ಊರಿನ ಸಮಸ್ಯೆಗೂ ಲೋಕದ ಸಮಸ್ಯೆಗೂ ಇರುವ ಸಂಬಂಧವನ್ನು ತೋರಿಸಬೇಕು. ನಾಲ್ಕನೆಯದಾಗಿ, ಬರೆದುದು ಸ್ಪರ್ಧೆಯ ತೀರ್ಪುಗಾರರ ಮೇಜಿನಲ್ಲಿಯೇ ಉಳಿಯದೆ ಸ್ಥಳೀಯ ಪತ್ರಿಕೆ, ಬಾನುಲಿ, ಸಭೆ, ಪ್ರದರ್ಶನ ಮುಂತಾದ ಯಾವುದಾದರೂ ದ್ವಾರದಿಂದ ಊರಿನವರನ್ನು ಮುಟ್ಟಬೇಕು. ಫ್ರೆನೆಯ ಹಾಳೆಗಳು ದೂರದೂರಿಗೆ ಹೋದುವು. ಈ ವರದಿಗಳು ಮೊದಲು ಸ್ವಂತ ಊರಿಗೇ ಹೋಗತಕ್ಕವು. ಸ್ವಂತ ಊರಿನ ವಾಚಕನು ತಪ್ಪನ್ನು ಕೂಡಲೆ ಹಿಡಿಯಬಲ್ಲನಾದುದರಿಂದ ಇದು ಹೆಚ್ಚಿನ ಪರೀಕ್ಷೆ.

೫. ಮೂರು ಮಾಧ್ಯಮಗಳ ಸಾಕ್ಷ್ಯಭೇದ

ಲೇಖನ, ಛಾಯಾಚಿತ್ರ, ಚಲಚ್ಚಿತ್ರ ಈ ಮೂರೂ ಒಂದೇ ವಿಷಯವನ್ನು ಹೇಳಿದರೂ ಅವುಗಳ ಸಾಕ್ಷ್ಯದ ಬಗೆ ಬೇರೆ ಬೇರೆ. ಛಾಯಾಚಿತ್ರವು 'ಇದ್ದಿತು' ಎಂಬುದಕ್ಕೆ ಸಾಕ್ಷಿ. 'ಏಕೆ ಇದ್ದಿತು' ಎಂಬುದಕ್ಕೆ ಅಲ್ಲ. ಸತ್ತ ಮೀನುಗಳ ಚಿತ್ರವು ಮನಸ್ಸನ್ನು ಕಲಕುತ್ತದೆ. ಆದರೆ ಮೀನು ಸತ್ತುದು ವಿಷದಿಂದಲೋ, ನೀರಿನಲ್ಲಿ ಆಮ್ಲಜನಕವು ಕಡಮೆಯಾದುದರಿಂದಲೋ ಎಂಬುದನ್ನು ಅದು ಹೇಳಲಾರದು. ಆದಕಾರಣವೇ ಚಿತ್ರದೊಡನೆ ಶೀರ್ಷಿಕೆಯೂ ವಿವರಣೆಯೂ ಇರಬೇಕೆಂಬ ನಿಯಮವಿದೆ. ಚಲಚ್ಚಿತ್ರದಲ್ಲಿ ಜನರ ದನಿಯೇ ಕೇಳಿಸುವುದು ಅದರ ಹೆಚ್ಚಳ. ಮೀನುಗಾರಳ ಮಾತು ಅವಳ ಆಡುನುಡಿಯಲ್ಲಿಯೇ ಉಳಿಯುತ್ತದೆ. ಆದರೆ ಯಾವ ಮಾತನ್ನು ಇಟ್ಟು ಯಾವುದನ್ನು ಕತ್ತರಿಸಿದರೆಂಬುದು ನೋಡುವವನಿಗೆ ಕಾಣದು. ಲೇಖನವು ಈ ಎರಡಕ್ಕಿಂತ ನಿಧಾನವಾದುದು, ಮೋಹಕತೆಯೂ ಅದಕ್ಕೆ ಕಡಮೆ. ಆದರೆ ಕಾರ್ಯಕಾರಣಸಂಬಂಧವನ್ನು ತೋರಿಸುವ ಶಕ್ತಿ ಅದಕ್ಕೇ ಹೆಚ್ಚು. ಕೈಯಲ್ಲಿಯೇ ಛಾಯಾಚಿತ್ರಯಂತ್ರವಿರುವ ಈ ಕಾಲದಲ್ಲಿ, ಲೇಖನವನ್ನು ಕೈಬಿಡಬಹುದೆಂಬ ಅಭಿಪ್ರಾಯವನ್ನು ಸಾಹಿತ್ಯದ ಉಪಾಧ್ಯಾಯರು ಒಪ್ಪಬಾರದೆಂಬುದಕ್ಕೆ ಇದು ಮುಖ್ಯ ಕಾರಣ.

೬. ಕೆಲವು ಆಕ್ಷೇಪಗಳು

ಈ ಪದ್ಧತಿಗೆ ಆಕ್ಷೇಪಗಳೂ ಉಂಟು. ಮಕ್ಕಳು ಶಾಸ್ತ್ರಜ್ಞರಲ್ಲ, ಅವರ ಅಳತೆಗಳನ್ನು ನಂಬುವುದೆಂತು ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವೇನೆಂದರೆ, ವಿದ್ಯಾರ್ಥಿಯು ನಿರ್ಣಯವನ್ನು ಕೊಡುವವನಲ್ಲ, ನೋಡಿದುದನ್ನು ಹೇಳುವವನು. 'ನೀರು ವಿಷವಾಗಿದೆ' ಎನ್ನುವ ಅಧಿಕಾರ ಅವನಿಗಿಲ್ಲ. 'ಇಂಥ ದಿನ ಇಂಥ ತೂಬಿನ ಬಳಿ ನೀರು ಕಪ್ಪಾಗಿತ್ತು' ಎನ್ನುವ ಅಧಿಕಾರವು ಪೂರ್ಣವಾಗಿ ಉಂಟು. ಈ ಎರಡು ವಾಕ್ಯಗಳ ಭೇದವನ್ನು ತಿಳಿಯುವುದೇ ಒಂದು ಶಿಕ್ಷಣ.

ಎರಡನೆಯ ಆಕ್ಷೇಪವು ಇನ್ನೂ ಗಹನವಾದುದು. ಇಂಥ ಕಾರ್ಯಕ್ರಮಗಳು ಸಮಸ್ಯೆಯ ಹೊಣೆಯನ್ನು ಸಾಮಾನ್ಯನ ಮೇಲೆ ಹೊರಿಸಿ, ದೊಡ್ಡ ಕಾರಣಗಳನ್ನು ಮರೆಸುತ್ತವೆಂಬುದು ಅದರ ತಾತ್ಪರ್ಯ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ಈ ಪ್ರತಿಷ್ಠಾನವೇ ೨೦೧೧ರಿಂದ ಕಸದ ನಿವಾರಣೆಯನ್ನು ಕುರಿತು ನಡೆಯಿಸಿದ ಪ್ರಚಾರಕ್ಕೆ ಚೂಯಿಂಗ್ ಗಮ್ ತಯಾರಿಸುವ ರಿಗ್ಲಿ ಸಂಸ್ಥೆಯ ಪ್ರತಿಷ್ಠಾನವು ಧನಸಹಾಯ ಮಾಡಿತು. ಕಸವನ್ನು ಎಸೆದವನಾರೆಂದು ಕೇಳುವುದು ನ್ಯಾಯ. ಅದು ಕಸವಾಗುವಂತೆಯೇ ತಯಾರಿಸಿ ಮಾರಿದವರಾರೆಂದು ಕೇಳುವುದೂ ನ್ಯಾಯ. ಹಣ ಕೊಟ್ಟವರು ಯಾರೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿ, ಎರಡು ಪ್ರಶ್ನೆಗಳನ್ನೂ ಕೇಳುವ ಸ್ವಾತಂತ್ರ್ಯವನ್ನು ಅವರಿಗೆ ಕೊಡುವುದು ಉಪಾಧ್ಯಾಯನ ಕರ್ತವ್ಯ. ಶೋಧವು ಪ್ರಾಮಾಣಿಕವಾಗಿದ್ದರೆ ಅದು ತಾನಾಗಿಯೇ ಮೊದಲಿನ ಪ್ರಶ್ನೆಯಿಂದ ಎರಡನೆಯದಕ್ಕೆ ಹೋಗುತ್ತದೆ.

ಮೂರನೆಯದು, ಬಹುಮಾನದ ಆಸೆ. ಸ್ಪರ್ಧೆಯು ಉತ್ಸಾಹವನ್ನು ತರುತ್ತದೆ. ಆದರೆ ತೀರ್ಪುಗಾರನನ್ನು ಮೆಚ್ಚಿಸುವ ಬರೆಹವು ಮತ್ತೆ ಹಳೆಯ ಪ್ರಬಂಧವೇ ಆಗುವ ಅಪಾಯವುಂಟು. ನಾಲ್ಕನೆಯದು, ಮಕ್ಕಳ ಕ್ಷೇಮ. ಬಲಿಷ್ಠರ ಹಿತಕ್ಕೆ ತಗುಲುವ ಸಂಗತಿಗಳನ್ನು ಬರೆದಾಗ ಮಕ್ಕಳನ್ನು ಮುಂದೆ ನಿಲ್ಲಿಸಿ ಹಿರಿಯರು ಹಿಂದೆ ಸರಿಯಕೂಡದು. ಬರೆಹಕ್ಕೆ ವಿದ್ಯಾರ್ಥಿಯ ಹೆಸರಿದ್ದರೂ ಹೊಣೆಯು ಶಾಲೆಯದಾಗಿರತಕ್ಕದ್ದು.

೭. ಕನ್ನಡ ಗದ್ಯಕ್ಕೆ ಇದರ ಪ್ರಯೋಜನ

ಅಲಂಕಾರಶಾಸ್ತ್ರವನ್ನು ಬಲ್ಲ ವಾಚಕರಿಗೆ ಇಲ್ಲಿ ಹಳೆಯ ಚರ್ಚೆಯೊಂದು ನೆನಪಾಗಬಹುದು. ಸೂರ್ಯನು ಮುಳುಗಿದುದನ್ನೂ ಹಕ್ಕಿಗಳು ಗೂಡು ಸೇರಿದುದನ್ನೂ ಇದ್ದಂತೆಯೇ ಹೇಳಿಬಿಡುವ ಮಾತು ಕಾವ್ಯವಲ್ಲ, ಅದು ಬರಿಯ 'ವಾರ್ತೆ' ಎಂದು ಭಾಮಹನು ತಳ್ಳಿಹಾಕಿದನು. ದಂಡಿಯಾದರೋ, ವಸ್ತುವಿನ ಸ್ವರೂಪವನ್ನು ಸಾಕ್ಷಾತ್ತಾಗಿ ತೋರುವ ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿ, ಶಾಸ್ತ್ರಗಳಲ್ಲಿ ಅದಕ್ಕೇ ಪ್ರಭುತ್ವವೆಂದನು. ದಂಡಿಯ ಮಾರ್ಗವನ್ನು ಬಹುಮಟ್ಟಿಗೆ ಅನುಸರಿಸಿದ ನಮ್ಮ ಕವಿರಾಜಮಾರ್ಗದಲ್ಲಿಯೂ ಈ ಅಲಂಕಾರಕ್ಕೆ ಸ್ಥಾನವುಂಟು. ಭಾಮಹನು ಕಾವ್ಯದಿಂದ ಹೊರಗಿಟ್ಟ ವಾರ್ತೆಯನ್ನೇ ವಿದ್ಯಾರ್ಥಿವರದಿಯು ಕೈಗೆತ್ತಿಕೊಳ್ಳುತ್ತದೆ. ದಂಡಿಯು ಹೇಳಿದ ಸ್ವಭಾವೋಕ್ತಿಯ ಶಿಸ್ತಿನಿಂದ ಅದು ಗದ್ಯವಾಗಿ ನಿಲ್ಲುತ್ತದೆ. ಉಪಮೆ ಉತ್ಪ್ರೇಕ್ಷೆಗಳನ್ನು ಕಲಿಸುವ ಮೊದಲು ಕಂಡುದನ್ನು ಕಂಡಂತೆ ಹೇಳುವುದನ್ನು ಕಲಿಸಬೇಕೆಂಬುದಕ್ಕೆ ಇಷ್ಟು ಶಾಸ್ತ್ರಾಧಾರವು ಸಾಕು.

ಶಬ್ದಸಂಪತ್ತಿನ ಲಾಭವೂ ಸಣ್ಣದಲ್ಲ. ಕೆರೆಯ ವರದಿಯನ್ನು ಬರೆಯಹೊರಟ ವಿದ್ಯಾರ್ಥಿಗೆ ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ಹೂಳು ಎಂಬ ಮಾತುಗಳು ಬೇಕಾಗುತ್ತವೆ. ಇವು ಪಠ್ಯಪುಸ್ತಕದಲ್ಲಿ ದೊರೆಯದಿದ್ದರೂ ಊರಿನ ಹಿರಿಯರಲ್ಲಿ ದೊರೆಯುತ್ತವೆ. ನೀರುಗಂಟಿಯ ಕೆಲಸವೇನಾಗಿತ್ತೆಂದು ಅಜ್ಜನನ್ನು ಕೇಳಿದ ಹುಡುಗಿಯು ಒಂದು ಶಬ್ದವನ್ನೂ ಒಂದು ವ್ಯವಸ್ಥೆಯ ಚರಿತ್ರೆಯನ್ನೂ ಒಟ್ಟಿಗೆ ಪಡೆಯುತ್ತಾಳೆ. ಶಿವರಾಮ ಕಾರಂತರು ೧೯೩೬ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳಿಂದ ಲೋಕದ ಜ್ಞಾನವನ್ನು ಕನ್ನಡದ ಮಕ್ಕಳಿಗೆ ಕೊಟ್ಟರು. ಮಕ್ಕಳು ತಮ್ಮ ಊರಿನ ಜ್ಞಾನವನ್ನು ಕನ್ನಡದ ಲೋಕಕ್ಕೆ ಮರಳಿ ಕೊಡುವುದು ಆ ಕಾರ್ಯದ ಮುಂದಿನ ಹೆಜ್ಜೆಯಾದೀತು.

ಇದಕ್ಕೆ ದೊಡ್ಡ ಸಲಕರಣೆಗಳಾಗಲಿ ಸ್ಪರ್ಧೆಗಳಾಗಲಿ ಬೇಕಿಲ್ಲ. ನಮ್ಮ ಶಾಲೆಗಳಿಗೆ ಕೈಬರಹದ ಪತ್ರಿಕೆಯೂ ಗೋಡೆಪತ್ರಿಕೆಯೂ ಹೊಸವಲ್ಲ. ಅವುಗಳಲ್ಲಿ ಒಂದು ಪುಟವನ್ನು ಊರಿನ ನೀರು, ಮರ, ಕಸ, ಗಾಳಿಗಳ ವಾರ್ತೆಗೆ ಮೀಸಲಿಡಬಹುದು. ಪ್ರತಿಯೊಂದು ಬರೆಹದ ಕೆಳಗೆ ನೋಡಿದ ದಿನ, ನೋಡಿದ ಸ್ಥಳ, ಕೇಳಿದುದು ಯಾರಿಂದ ಎಂಬ ಮೂರು ವಿವರಗಳು ಇರಲೇಬೇಕೆಂದು ವಿಧಿಸಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಯಿಸುವ ಪದ್ಧತಿಯು ಕರ್ನಾಟಕದಲ್ಲಿದೆ. ಅಲ್ಲಿ ಘೋಷಣೆಗಳಿಗೆ ಬದಲಾಗಿ ಈ ವರದಿಗಳನ್ನು ಓದಿಸಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಬರೆಹಗಳನ್ನು ವರ್ಷವರ್ಷವೂ ಶಾಲೆಯ ಪುಸ್ತಕಭಂಡಾರದಲ್ಲಿ ಕಾಪಾಡಿಡಬೇಕು. ವಿಜಯನಗರದ ಕಾಲಕ್ಕೆ ಸೇರಿದ, ಕಡಪ ಜಿಲ್ಲೆಯ ಪೋರುಮಾಮಿಳ್ಳದ ೧೩೬೯ನೆಯ ಇಸವಿಯ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಒಸರುವುದು, ನೀರು ಅಲ್ಪವಾಗಿದ್ದು ಸಾಗುವಳಿಯ ನೆಲವು ಹೆಚ್ಚಾಗಿರುವುದು ಆ ದೋಷಗಳಲ್ಲಿ ಸೇರಿವೆ. ಅದನ್ನು ಬರೆಯಿಸಿದವರು ಕೆರೆಯನ್ನು ಹೊಗಳಿ ಸುಮ್ಮನಾಗದೆ ದೋಷವನ್ನೂ ಲೆಕ್ಕವನ್ನೂ ದಾಖಲಿಸಿದುದರಿಂದಲೇ ಇಂದಿನ ಸಂಶೋಧಕರಿಗೆ ಅದು ಆಕರವಾಗಿದೆ. ಒಂದೇ ಕೆರೆಯನ್ನು ಇಪ್ಪತ್ತು ವರ್ಷಗಳ ಕಾಲ ಇಪ್ಪತ್ತು ತರಗತಿಗಳ ವಿದ್ಯಾರ್ಥಿಗಳು ದಿನಾಂಕಸಹಿತವಾಗಿ ಬರೆದಿಟ್ಟರೆ, ಆ ಹೊತ್ತಿಗೆಗಳು ಊರಿನವರಿಗೆ ಈಗ ಎಚ್ಚರಿಕೆಯಾಗುವುದಲ್ಲದೆ ಮುಂದೆ ಬರುವವರಿಗೆ ಶಾಸನದಷ್ಟೇ ಬೆಲೆಯುಳ್ಳ ಸಾಕ್ಷ್ಯವೂ ಆಗುವುವು. ಈ ಕಾರ್ಯವನ್ನು ವಿಜ್ಞಾನದ ಉಪಾಧ್ಯಾಯರಿಗೆ ಮಾತ್ರ ಬಿಡದೆ ಭಾಷೋಪಾಧ್ಯಾಯರೂ ಕೈಗೊಳ್ಳಬೇಕೆಂದು ನಮ್ಮ ಬಿನ್ನಹ.